ಹಲಗೂರಿನ ಕಬ್ಬಿಣ, ಡ್ರ್ಯಾಗನ್ನಿನ ಬೆಂಕಿ

ಪ್ರಶ್ನೆ: 'ಗೇಮ್ ಆಫ್ ಥ್ರೋನ್ಸ್' ಅನ್ನೋ ಇಂಗ್ಲಿಷ್ ಸೀರಿಯಲ್ಲನ್ನು ನನ್ನ ಮಗಳು ಈಗ ಎರಡನೇ ಸಲ ನೋಡುತ್ತಿದ್ದಾಳೆ. ಜೊತೆಗೆ ಕೂತು ನಾನೂ ನೋಡಿದೆ. ಎಲ್ಲಾ ಚೆನ್ನಾಗಿತ್ತು, ಕಡೇ ಸೀಸನ್ನಲ್ಲಿ, ಅದರಲ್ಲೂ ಆ ಹೆಣ್ಣುಮಗಳು ಊರು ಸುಡುವ ಕಂತಿನಲ್ಲಿ ಕೆಡಿಸಿಬಿಟ್ಟರು ಅಂತ ಅವಳ ಸಿಟ್ಟು. ನನಗೆ ನಮ್ಮ ಕಡೆ ನೀಲಗಾರರು ಹಾಡುವ ಮಂಟೇಸ್ವಾಮಿ ಕತೆ ನೆನಪಾಯಿತು. ಅದರಲ್ಲೂ ಪವಾಡ ಇದೆ, ಬೆಂಕಿ ಇದೆ, ಕಂತು ಕಂತಾಗಿಯೇ ಬರುತ್ತದೆ. ಅದಕ್ಕೂ ಕಡೇ ಸೀಸನ್ ಅಂತ ಇದೆಯಾ? ಅದನ್ನೂ ಇದೇ ಥರ ವಿಮರ್ಶೆ ಮಾಡಿದರೆ ನಿಲ್ಲುತ್ತಾ?
— ಓದುಗರೊಬ್ಬರು, ಮದ್ದೂರು

ಉತ್ತರ: ಇದೆ, ವಿಮರ್ಶೆಗೂ ನಿಲ್ಲುತ್ತದೆ. ಆದರೆ ನಿಮ್ಮ ಮಗಳ ಸಿಟ್ಟಿಗೂ ನ್ಯಾಯ ಸಿಗಬೇಕಲ್ಲ. ಮೊದಲು ಅವಳ ಕಂತು ನೋಡೋಣ, ಮಂಟೇಸ್ವಾಮಿ ಕತೆಯ ಹಲಗೂರಿಗೆ ಆಮೇಲೆ ಹೋಗೋಣ.

ಆ ಧಾರಾವಾಹಿ 2011ರ ಏಪ್ರಿಲ್‌ನಲ್ಲಿ ಶುರುವಾಗಿ 2019ರ ಮೇ 19ಕ್ಕೆ ಮುಗಿಯಿತು. ಎಂಟು ಸೀಸನ್, 73 ಕಂತು. ಮೊದಲ ಆರು ಸೀಸನ್‌ಗೆ ತಲಾ ಹತ್ತು ಕಂತು, ಏಳನೆಯದಕ್ಕೆ ಏಳು, ಕಡೆಯದಕ್ಕೆ ಬರೀ ಆರು. ನೀವು ಹೇಳಿದ ಊರು ಸುಡುವ ಕಂತು ಆ ಆರರಲ್ಲಿ ಐದನೆಯದು. ಹೆಸರು 'ದ ಬೆಲ್ಸ್'. ಅಮೆರಿಕದಲ್ಲಿ ಭಾನುವಾರ ರಾತ್ರಿ ಬಂದದ್ದು ನಮ್ಮಲ್ಲಿ ಸೋಮವಾರ ಬೆಳಗ್ಗೆ ಹಾಟ್‌ಸ್ಟಾರ್‌ನಲ್ಲಿ ಸಿಗುತ್ತಿತ್ತು. ಮಂಡ್ಯ ಜಿಲ್ಲೆಯವರು ಆಗ ಅದಕ್ಕೆ ಅಷ್ಟಾಗಿ ತಲೆ ಕೆಡಿಸಿಕೊಳ್ಳಲಿಲ್ಲ ಎಂದು ನನ್ನ ಅಂದಾಜು, ಯಾಕೆಂದರೆ ಆ ಬೇಸಿಗೆಯಲ್ಲಿ ನಮಗೆ ನಮ್ಮದೇ ಪಟ್ಟದ ಕತೆ ನಡೆಯುತ್ತಿತ್ತು. ಸುಮಲತಾ ಅಂಬರೀಶ್ ಮತ್ತು ನಿಖಿಲ್ ಕುಮಾರಸ್ವಾಮಿ ನಡುವಿನ ಲೋಕಸಭಾ ಸ್ಪರ್ಧೆಗೆ ಏಪ್ರಿಲ್ 18ರಂದು ಮತದಾನ, ಮೇ 23ರಂದು ಎಣಿಕೆ. ಮದ್ದೂರಿನ ವಡೆ ಅಂಗಡಿಯಿಂದ ಮಳವಳ್ಳಿ ಬಸ್ ಸ್ಟ್ಯಾಂಡಿನವರೆಗೆ ಆ ಐದು ವಾರ ಯಾರಿಗೂ ಡ್ರ್ಯಾಗನ್ ಬೇಕಾಗಿರಲಿಲ್ಲ.

'ದ ಬೆಲ್ಸ್' ಕತೆ ಇಷ್ಟು. ಡೆನೇರಿಸ್ ಎಂಬ ರಾಣಿ ಊರೂರಿನ ಜೀತದವರನ್ನು ಬಿಡಿಸಿದವಳು, ಬಿಡುಗಡೆಯಾದವರಿಂದ ಅಮ್ಮ ಎಂದು ಕರೆಸಿಕೊಂಡವಳು. ತನ್ನ ವಂಶದ ಸಿಂಹಾಸನ ವಾಪಸು ಪಡೆಯಲು ಕಿಂಗ್ಸ್ ಲ್ಯಾಂಡಿಂಗ್ ಎಂಬ ರಾಜಧಾನಿಯ ಮೇಲೆ ಬೀಳುತ್ತಾಳೆ. ಉಳಿದಿರುವ ಒಂದೇ ಡ್ರ್ಯಾಗನ್ನಿನ ಬೆನ್ನೇರಿ ಹಡಗು, ಕೋಟೆಬಾಗಿಲು, ಬಾಡಿಗೆ ಸೈನ್ಯ ಎಲ್ಲವನ್ನೂ ಸುಟ್ಟುಹಾಕುತ್ತಾಳೆ. ಊರಿನವರು ಸೋಲೊಪ್ಪಿ ಗಂಟೆ ಬಾರಿಸುತ್ತಾರೆ. ಅಲ್ಲಿಗೆ ಯುದ್ಧ ಮುಗಿಯಿತು. ಕ್ಯಾಮೆರಾ ಅವಳ ಮುಖದ ಮೇಲೆ ನಿಲ್ಲುತ್ತದೆ, ಮುಖ ಬಿಗಿಯುತ್ತದೆ, ಡ್ರ್ಯಾಗನ್ ಮತ್ತೆ ಮೇಲೇಳುತ್ತದೆ. ಶರಣಾದ ಊರನ್ನು ಬೀದಿ ಬೀದಿ ಸುಡುತ್ತಾಳೆ.

ನಿರ್ದೇಶಕ ಮಿಗೆಲ್ ಸಪೋಚ್ನಿಕ್ ಕೆಲಸ ಬಲ್ಲವರು, ಅದನ್ನು ಒಪ್ಪಬೇಕು. ಬೆಂಕಿ ಬೀಳಲು ಶುರುವಾದ ಮೇಲೆ ಕ್ಯಾಮೆರಾ ರಾಣಿಯನ್ನು ಬಿಟ್ಟು ಗಲ್ಲಿಗೆ ಇಳಿದು, ಓಡುವವರ ಜೊತೆ ಓಡುತ್ತದೆ. ಒಬ್ಬ ತಾಯಿ, ಕೈಯಲ್ಲಿ ಮರದ ಕುದುರೆ ಹಿಡಿದ ಅವಳ ಪುಟ್ಟ ಮಗಳು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತಾರೆ. ಕೊನೆಗೆ ಬೂದಿಯ ನಡುವೆ ತಾಯಿ ಮಗಳು ಅಪ್ಪಿಕೊಂಡೇ ಕರಕಲಾಗಿದ್ದಾರೆ. ಆ ಕುದುರೆಯೂ ಕರಕಲು. ಯುದ್ಧದಲ್ಲಿ ಗೆದ್ದವರ ಮುಖ ಬಿಟ್ಟು ಸತ್ತವರ ಬೀದಿ ತೋರಿಸುವ ಧೈರ್ಯ ದೊಡ್ಡ ಸಿನಿಮಾಗಳಿಗೂ ಬರುವುದಿಲ್ಲ.

ಹಾಗಾದರೆ ಕೆಟ್ಟದ್ದೆಲ್ಲಿ? ಬಹಳ ಜನ "ಅವಳು ಅಂಥವಳಲ್ಲ" ಎಂದರು. ನನಗೆ ಆ ದೂರು ಅಷ್ಟು ಸರಿ ಕಾಣುವುದಿಲ್ಲ. ಶತ್ರುಗಳನ್ನು ಸುಡುವುದು, ಒಡೆಯರನ್ನು ಸಾಲುಗಂಬಕ್ಕೆ ಹೊಡೆಸುವುದು ಅವಳು ಮೊದಲಿನಿಂದ ಮಾಡಿಕೊಂಡು ಬಂದದ್ದೇ. ನನ್ನ ತಕರಾರು ಬೇರೆ. ನಾಲ್ಕನೇ ಕಂತಿನಲ್ಲಿ ಇದೇ ಹಡಗುಗಳ ಮೇಲಿದ್ದ ದೈತ್ಯ ಬಿಲ್ಲುಗಳು ಅವಳ ಇನ್ನೊಂದು ಡ್ರ್ಯಾಗನ್ನನ್ನು ಮೂರೇ ಬಾಣಕ್ಕೆ ಕಡಲಿಗೆ ಕೆಡವಿದ್ದವು. ಐದನೇ ಕಂತಿನಲ್ಲಿ ಅದೇ ಬಿಲ್ಲು, ಅದೇ ಹಡಗು; ಒಂದು ಬಾಣವೂ ತಾಗುವುದಿಲ್ಲ. ಹೋದ ವಾರ ಸಾಯುತ್ತಿದ್ದ ಪ್ರಾಣಿ ಈ ವಾರ ಯಾಕೆ ಸಾಯುವುದಿಲ್ಲ? ಕತೆಗೆ ಹಾಗೆ ಬೇಕಾಗಿತ್ತು, ಅಷ್ಟೇ. ಮಾಯಾಲೋಕದ ಕತೆ ಬರೆಯುವವನು ಏನು ಬೇಕಾದರೂ ಹುಟ್ಟಿಸಬಹುದು, ಆದರೆ ಹುಟ್ಟಿಸಿದ ಮೇಲೆ ಅದರ ಲೆಕ್ಕ ತಪ್ಪಬಾರದು. ರಾಣಿಯ ಸಿಟ್ಟಿಗೂ ಹೀಗೇ ಆಯಿತು. ಕಾರಣಗಳೆಲ್ಲ ಇದ್ದವು, ಅವು ಮಾಗಲು ಕಂತುಗಳಿರಲಿಲ್ಲ. ಮೂಲ ಲೇಖಕ ಜಾರ್ಜ್ ಆರ್. ಆರ್. ಮಾರ್ಟಿನ್ ಕಾದಂಬರಿಗಳನ್ನೇ ಮುಗಿಸಿರಲಿಲ್ಲ. ಪುಸ್ತಕ ತೀರಿದ ಮೇಲೆ ಸೀರಿಯಲ್‌ನವರು ದಾರಿಯನ್ನು ತಾವೇ ಹಾಕಿಕೊಂಡು ಓಡಿದರು. ಕಡೇ ಸೀಸನ್ ಮತ್ತೆ ಮಾಡಿ ಎಂದು ಹತ್ತು ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿದರು. ಅದೇ ವರ್ಷ ಆ ಸೀಸನ್‌ಗೇ ಅತ್ಯುತ್ತಮ ಧಾರಾವಾಹಿಯ ಎಮ್ಮಿ ಪ್ರಶಸ್ತಿಯೂ ಬಂತು. ನಗಬೇಕೋ ಅಳಬೇಕೋ ನಿಮ್ಮ ಮಗಳನ್ನೇ ಕೇಳಿ.

ಈಗ ನಮ್ಮ ಕಡೆ ಬನ್ನಿ. ಮಂಟೇಸ್ವಾಮಿ ಕತೆ ಸಾಲು ಸಾಲಾಗಿ ಬರುವುದು ನಿಮಗೆ ಗೊತ್ತೇ ಇದೆ. ಕಲ್ಯಾಣದ ಸಾಲು, ಕೆಂಪಾಚಾರಿ ಸಾಲು, ಹಲಗೂರು ಪಾಂಚಾಳರ ಸಾಲು ಹೀಗೆ. ಹಾಡುವವರು ದೀಕ್ಷೆ ಪಡೆದ ನೀಲಗಾರರು. ಮುಂದಾಳು ತಂಬೂರಿ ಮೀಟುತ್ತಾ ಕತೆ ಎತ್ತುತ್ತಾನೆ. ಗಗ್ಗರ, ಡಮ್ಮಡಿ, ತಾಳ ಹಿಡಿದ ಹಿಮ್ಮೇಳದವರು ಅವನ ಸೊಲ್ಲನ್ನು ಎತ್ತಿಕೊಂಡು ಮುಗಿಸುತ್ತಾರೆ. ಆ ಮುಗಿಸುವಷ್ಟರಲ್ಲೇ ಮುಂದಿನ ಮಾತು ಅವನ ಬಾಯಲ್ಲಿ ಸಿದ್ಧವಾಗಬೇಕು. ಹಾಡು ನಿಲ್ಲಿಸಿ ಮಾತಿಗೂ ಇಳಿಯುತ್ತಾನೆ. ಕತೆಯಲ್ಲಿ ಮಂಟೇಸ್ವಾಮಿಯ ಶಿಷ್ಯ ವಿಷದ ಬಟ್ಟಲು ಕೈಗೆತ್ತಿಕೊಂಡ ಹೊತ್ತಿನಲ್ಲೇ ತಂಬೂರಿ ಮಡಿಲಲ್ಲಿಟ್ಟು ಟೀ ಕುಡಿಯುವ ನೀಲಗಾರನನ್ನು ನೀವೂ ನೋಡಿರಬೇಕು. ಅಮೆರಿಕದವರು ವಾರಗಟ್ಟಲೆ ಕಾಯಿಸಿ ಮಾಡುವ ಕೆಲಸವನ್ನು ಆತ ಒಂದು ಲೋಟ ಟೀಯಲ್ಲಿ ಮಾಡುತ್ತಾನೆ.

ಈ ಕತೆಯ ಕಡೇ ಸೀಸನ್ ಯಾವುದು ಎಂದರೆ ನಾನು ಹಲಗೂರಿನ ಸಾಲು ಎನ್ನುತ್ತೇನೆ. ಅದಾದ ಮೇಲೆ ಉಳಿಯುವುದು ಗುರು ಐಕ್ಯವಾಗುವುದು, ಶಿಷ್ಯರು ಒಂದೊಂದು ನೆಲೆ ಹಿಡಿಯುವುದು. ಕತೆಯ ಗಂಟು ಬಿಚ್ಚುವುದು ಹಲಗೂರಿನಲ್ಲೇ.

ಕತೆ ಹೀಗೆ. ಬೊಪ್ಪೇಗೌಡನಪುರದಲ್ಲಿ ಗುರುವಿನ ಕೆಲಸಕ್ಕೆ ಕಬ್ಬಿಣ ಬೇಕು. ಮಂಟೇಸ್ವಾಮಿ ತನ್ನ ಶಿಷ್ಯ ಸಿದ್ದಪ್ಪಾಜಿಯನ್ನು ಕರೆದು, ಹಲಗೂರಿನ ಪಾಂಚಾಳರ ಹತ್ತಿರ ಹೋಗಿ ಕಬ್ಬಿಣ ಭಿಕ್ಷ ತಾ ಎಂದು ಕಳಿಸುತ್ತಾನೆ. ಪಾಂಚಾಳರು ಊರು ತುಂಬ ಕುಲುಮೆ ಇಟ್ಟುಕೊಂಡವರು, ಗರ್ವದವರು. ಕಬ್ಬಿಣ ಇಲ್ಲ ಎನ್ನುತ್ತಾರೆ. ನೀನು ನಿಜವಾದ ಶರಣನಾದರೆ ತೋರಿಸು ಎಂದು ಪವಾಡಕ್ಕೆ ಒಡ್ಡುತ್ತಾರೆ. ವಿಷ ಉಣಿಸುತ್ತಾರೆ. ಅದು ಮುಗಿದರೆ ಇನ್ನೊಂದು, ಅದಾದರೆ ಮತ್ತೊಂದು. ಸಿದ್ದಪ್ಪಾಜಿ ಎಲ್ಲವನ್ನೂ ಗೆದ್ದು ಕಬ್ಬಿಣ ಪಡೆಯುತ್ತಾನೆ.

ಇಷ್ಟೇ ಆಗಿದ್ದರೆ ಇದೊಂದು ಸಾಮಾನ್ಯ ಪವಾಡದ ಕತೆ. ಎಲ್ಲ ದೇವರ ಜಾತ್ರೆಯಲ್ಲೂ ಸಿಗುತ್ತದೆ. ಇದರ ಬಲ ಇರುವುದು ಹಿಂದಿನ ಸೀಸನ್‌ನಲ್ಲಿ. ಸಿದ್ದಪ್ಪಾಜಿ ಯಾರು? ನಿಮ್ಮ ಮದ್ದೂರು ತಾಲೂಕಿನ ನಿಡಘಟ್ಟದ ಕೆಂಪಾಚಾರಿ, ಅಂದರೆ ತಾನೇ ಪಾಂಚಾಳರ ಮನೆಯ ಹುಡುಗ. ಮಂಟೇಸ್ವಾಮಿ ನಿಡಘಟ್ಟಕ್ಕೆ ಬಂದು ಆ ಮನೆಯವರ ಹತ್ತಿರ ಮಗನನ್ನೇ ಭಿಕ್ಷವಾಗಿ ಕೇಳಿದ್ದ. ಹೆತ್ತವರು ಕೊಡಲೊಪ್ಪಲಿಲ್ಲ. ಪಟ್ಟು ಬಿಡದ ಗುರು ಕೊನೆಗೆ ಅವನನ್ನು ಪಡೆದು, ಪಳಗಿಸಿ, ಸಿದ್ಧನನ್ನಾಗಿ ಮಾಡಿದ. ಈಗ ಅದೇ ಹುಡುಗನನ್ನು, ಅದೇ ಕುಲದವರ ಮುಂದೆ, ಅವರ ಕುಲದ ಬಾಳ್ವೆಯಾದ ಕಬ್ಬಿಣವನ್ನೇ ಬೇಡಲು ಕಳಿಸುತ್ತಿದ್ದಾನೆ.

ಗಮನಿಸಿ, ನಿಡಘಟ್ಟದಲ್ಲಿ ಮಗ ಇದ್ದೂ ಕೊಡದವರು, ಹಲಗೂರಿನಲ್ಲಿ ಕಬ್ಬಿಣ ಇದ್ದೂ ಇಲ್ಲ ಎನ್ನುವವರು. ಎರಡು ಕಡೆಯೂ ಬಾಗಿಲಲ್ಲಿ ನಿಂತವನ ಕೈಯಲ್ಲಿ ಜೋಳಿಗೆ. ಇನ್ನೂ ಹಿಂದಕ್ಕೆ ಹೋದರೆ ಕಲ್ಯಾಣದ ಸಾಲಿನಲ್ಲಿ ಮಂಟೇಸ್ವಾಮಿ ಕುಷ್ಠ ಹತ್ತಿದ ಕೊಳಕು ಮೈಯವನಾಗಿ ಬಸವಣ್ಣನ ಊರಿಗೆ ಬಂದು, ಶರಣರು ಒಳಕ್ಕೆ ಬಿಡುತ್ತಾರೋ ಇಲ್ಲವೋ ಎಂದು ಪರೀಕ್ಷೆ ಮಾಡಿದ್ದ. ಅಲ್ಲಿ ಗುರು ಒಂದು ಊರನ್ನು ಪರೀಕ್ಷಿಸಿದ. ಇಲ್ಲಿ ಒಂದು ಊರು ಶಿಷ್ಯನನ್ನು ಪರೀಕ್ಷಿಸುತ್ತಿದೆ. ಮೊದಲ ಸಾಲಿನಲ್ಲಿ ಕೊಟ್ಟ ಸಾಲ ಕಡೇ ಸಾಲಿನಲ್ಲಿ ಬಡ್ಡಿ ಸಮೇತ ವಸೂಲಾಗುತ್ತದೆ. 'ದ ಬೆಲ್ಸ್'ನಲ್ಲಿ ಬೇಕಾಗಿದ್ದದ್ದು ಇದೇ. ಕೋಣೆಯಲ್ಲಿ ಕೂತು ಬರೆದವರಿಗೆ ತಪ್ಪಿದ್ದು ರಾತ್ರಿಯಿಡೀ ನಿದ್ದೆಗೆಟ್ಟು ಹಾಡಿಕೊಂಡು ಬಂದವರಿಗೆ ದಕ್ಕಿದೆ. ಕೇಳುವವರು ಪ್ರತಿ ವರ್ಷ ಎದುರಿಗೇ ಕೂತಿರುವಾಗ ಲೆಕ್ಕ ತಪ್ಪಿಸುವುದು ಸುಲಭವಲ್ಲ.

  

ಇನ್ನು ಸಸ್ಪೆನ್ಸ್ ವಿಷಯ. ಸಿದ್ದಪ್ಪಾಜಿ ಸಾಯುವುದಿಲ್ಲ ಎಂದು ಅಂಗಳದಲ್ಲಿ ಕೂತ ಮಗುವಿಗೂ ಗೊತ್ತು. ಹಾಗಿದ್ದೂ ಜನ ಯಾಕೆ ಎದ್ದು ಹೋಗುವುದಿಲ್ಲ? ಈ ಸಾಲಿನಲ್ಲಿ ನಾವು ಕಾಯುವುದು ಸಿದ್ದಪ್ಪಾಜಿ ಏನು ಮಾಡುತ್ತಾನೆ ಎಂದಲ್ಲ, ಪಾಂಚಾಳರು ಈಗ ಏನು ಸುಳ್ಳು ಹೇಳುತ್ತಾರೆ ಎಂದು. ಕುಲುಮೆ ಉರಿಯುತ್ತಿದೆ, ಸುತ್ತಿಗೆ ಸದ್ದು ಬೀದಿಗೆ ಕೇಳುತ್ತಿದೆ, ಮನೆಯವರು ಮಾತ್ರ "ಅಯ್ಯೋ ಬುದ್ದಿ, ನಮ್ತಾವ ಎಲ್ಲೈತೆ ಕಬ್ಣ" ಎನ್ನುವ ಧಾಟಿಯಲ್ಲಿ ಕೈ ಕೊಡವುತ್ತಿದ್ದಾರೆ. ಒಳ್ಳೆಯ ನೀಲಗಾರ ಈ ಮಾತನ್ನು ಆಡುವಾಗ ಕೂತವರೆಲ್ಲ ನಗುತ್ತಾರೆ, ಯಾಕೆಂದರೆ ಸಾಲ ಕೇಳಲು ಹೋದಾಗ ಈ ಮಾತು ಕೇಳದವರು ಅಲ್ಲಿ ಯಾರೂ ಇರುವುದಿಲ್ಲ. ಡ್ರ್ಯಾಗನ್ ಇದ್ದವಳಿಗೆ ಕೇಳುವ ಅಗತ್ಯವೇ ಇಲ್ಲ. ಸಿದ್ದಪ್ಪಾಜಿ ಗೆಲ್ಲುವ ಶಕ್ತಿ ಇದ್ದೂ ಬೇಡಬೇಕು, ಬೈಸಿಕೊಳ್ಳಬೇಕು, ಒಡ್ಡಿದ ಪವಾಡಕ್ಕೆಲ್ಲ ತಲೆ ಕೊಡಬೇಕು. ಶಕ್ತಿಗೆ ಇಂಥ ಕಟ್ಟು ಹಾಕಿದ್ದರಿಂದಲೇ ಈ ಕಂತು ಬೆಳತನಕ ನಿಲ್ಲುತ್ತದೆ.

ಕಬ್ಬಿಣವೇ ಯಾಕೆ ಎಂದರೆ, ಈ ಸೀಮೆಗೆ ಲೋಹದ ಕೆಲಸ ಹೊಸದಲ್ಲ. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಈ ದಾರಿಯಲ್ಲಿ ಓಡಾಡಿ ಬರೆದಿಟ್ಟ ಸಂಗತಿಗಳಲ್ಲಿ ಚನ್ನಪಟ್ಟಣದ ಉಕ್ಕಿನ ತಂತಿಯೂ ಒಂದು. ವಾದ್ಯಗಳಿಗೆ ಕಟ್ಟುವ ಆ ತಂತಿ ದೂರದ ಸೀಮೆಗಳಿಗೆ ಹೋಗುತ್ತಿತ್ತು. ನೇಗಿಲ ಗುಳ, ಮಚ್ಚು, ಕುಡುಗೋಲು, ತಂಬೂರಿಯ ತಂತಿ ಎಲ್ಲಕ್ಕೂ ರೈತನೂ ಹಾಡುಗಾರನೂ ಕುಲುಮೆಯ ಬಾಗಿಲಿಗೆ ಹೋಗಲೇಬೇಕಾಗಿದ್ದ ಕಾಲದ ಕತೆ ಇದು. ಕಬ್ಬಿಣ ಇಟ್ಟುಕೊಂಡವನ ಮುಂದೆ ಎಲ್ಲರೂ ಬಗ್ಗಬೇಕಾಗಿದ್ದ ನೋವು ಇದರೊಳಗೆ ಇದೆ. ಹಾಗೆಂದು ಇದನ್ನು ಒಂದು ಕುಲದ ಮೇಲಿನ ಸಿಟ್ಟು ಎಂದು ಓದಿದರೆ ತಪ್ಪಾಗುತ್ತದೆ, ಗೆಲ್ಲುವವನೂ ಅದೇ ಕುಲದವನು. ಅತ್ತ ಅವರ ಧಾರಾವಾಹಿಯಲ್ಲೂ ಕಬ್ಬಿಣವೇ ನಡುವೆ ಕೂತಿದೆ. ಸೋತವರ ಕತ್ತಿಗಳನ್ನು ಕರಗಿಸಿ ಮಾಡಿದ ಸಿಂಹಾಸನ. ಕಡೇ ಕಂತಿನಲ್ಲಿ ಡ್ರ್ಯಾಗನ್ ಉಸಿರಿಗೆ ಅದು ಕರಗಿ ನೀರಾಗುತ್ತದೆ. ಎಪ್ಪತ್ತಮೂರು ಕಂತು ಹೊಡೆದಾಡಿದ ಮೇಲೆ ಆ ಕಬ್ಬಿಣ ಒಂದು ಮೊಳೆಯ ಉಪಯೋಗಕ್ಕೂ ಬರಲಿಲ್ಲವಲ್ಲ ಎಂದು ಹಲಗೂರಿನವರು ಕೇಳಿದರೆ ಉತ್ತರ ಇಲ್ಲ.

ವಿಮರ್ಶೆ ಎಂದ ಮೇಲೆ ನಮ್ಮದರ ಹುಳುಕೂ ಹೇಳಬೇಕು. ಪವಾಡದ ನಂತರ ಪವಾಡ ಬರುವ ಭಾಗ ಒಂದೇ ಅಚ್ಚಿನಲ್ಲಿ ಹೊರಳುತ್ತದೆ. ಮುಂದಾಳು ಚುರುಕಿಲ್ಲದಿದ್ದರೆ ಮೂರನೆಯದರ ಹೊತ್ತಿಗೆ ಆಕಳಿಕೆ ಬರುವುದು ಸಹಜ. ದೊಡ್ಡಮ್ಮತಾಯಿಯಂಥ ಗಟ್ಟಿ ಹೆಂಗಸು ಕತೆಯಲ್ಲಿದ್ದೂ ಈ ಸಾಲು ಪೂರಾ ಗಂಡಸರ ಹಟವಾಗಿ ಉಳಿದದ್ದು ನನಗೆ ಕೊರತೆಯಾಗಿ ಕಾಣುತ್ತದೆ. ಮಲೆಮಾದೇಶ್ವರನ ಕತೆಯಲ್ಲಿ ಸಂಕಮ್ಮನ ಸಾಲು ಇದೆಯಲ್ಲ, ಗಂಡ ಆಣೆ ಭಾಷೆಗೆ ಪೀಡಿಸುವಾಗ ಅವಳು ನಿಲ್ಲುವ ರೀತಿ, ಆ ಎತ್ತರದ ಒಬ್ಬ ಹೆಣ್ಣು ಹಲಗೂರಿನಲ್ಲಿ ಬೇಕಿತ್ತು. ಪಾಂಚಾಳರ ಮನೆಯ ಹೆಂಗಸರು ಆ ಸುಳ್ಳಿಗೆ ಏನೆಂದರು ಎಂದು ಕೇಳಬೇಕೆನ್ನಿಸುತ್ತದೆ.

ಕ್ಯಾಸೆಟ್ ಕಾಲದಲ್ಲಿ ನಮ್ಮ ಕತೆಗೂ ಅವಸರ ಅಂಟಿತು. ಮಳವಳ್ಳಿ ಮಹದೇವಸ್ವಾಮಿಯವರ ದನಿಯಲ್ಲಿ ಈ ಕತೆಗಳು ಮನೆ ಮನೆಗೆ, ಟೆಂಪೋ ಟ್ರ್ಯಾಕ್ಟರಿಗೆಲ್ಲ ಮುಟ್ಟಿದ್ದು ದೊಡ್ಡ ಸಂಗತಿ. ಆ ದನಿ ಇಲ್ಲದಿದ್ದರೆ ಹಳ್ಳಿ ಬಿಟ್ಟು ಹೋದ ಒಂದು ತಲೆಮಾರಿಗೆ ಈ ಕತೆ ತಪ್ಪಿಯೇ ಹೋಗುತ್ತಿತ್ತು. ಆದರೆ ಕ್ಯಾಸೆಟ್ಟಿನ ಒಂದು ಮಗ್ಗುಲಿಗೆ ಅರ್ಧ ಗಂಟೆ. ಇಡೀ ರಾತ್ರಿಯ ಸಾಲು ಅದರೊಳಗೆ ಮಡಚಿಕೊಳ್ಳುವಾಗ ಮೊದಲು ಹೋಗುವುದು ಮಾತಿನ ಭಾಗ, ಪಾಂಚಾಳರ ಆ ನೆಪಗಳು. ಉಳಿಯುವುದು ಪವಾಡ. ಆರು ಕಂತಿನ ಸೀಸನ್‌ಗೆ ಏನಾಯಿತೋ ಅರ್ಧ ಗಂಟೆಯ ಮಗ್ಗುಲಿಗೂ ಅದೇ ಆಗುತ್ತದೆ. ಈಗ ಯೂಟ್ಯೂಬಿನಲ್ಲಿ ಕೇಳುವವರು ಇದನ್ನು ನೆನಪಿಡುವುದು ಒಳ್ಳೆಯದು. ಅಲ್ಲಿರುವುದರಲ್ಲಿ ಬಹಳಷ್ಟು ಕ್ಯಾಸೆಟ್ಟಿನ ಅಳತೆಗೆ ಕತ್ತರಿಸಿದ್ದೇ.

ಕಡೆಯ ದೃಶ್ಯದಲ್ಲಂತೂ ನಮ್ಮವರದ್ದೇ ಮೇಲುಗೈ. ಅಲ್ಲಿ ಸಿಂಹಾಸನ ಕರಗಿದ ಮೇಲೆ ದೊರೆಗಳೆಲ್ಲ ಕೂತು ಚರ್ಚೆ ಮಾಡಿ ಬ್ರಾನ್ ಎಂಬ ಹುಡುಗನನ್ನು ರಾಜ ಎನ್ನುತ್ತಾರೆ. ಹತ್ತು ನಿಮಿಷದ ಸಭೆಯಲ್ಲಿ ಎಂಟು ಸೀಸನ್‌ನ ಪ್ರಶ್ನೆ ಬಗೆಹರಿಯುತ್ತದೆ. ಮಂಟೇಸ್ವಾಮಿ ಯಾರಿಗೂ ಪಟ್ಟ ಕಟ್ಟುವುದಿಲ್ಲ. ತಾನು ಮಳವಳ್ಳಿ ತಾಲೂಕಿನ ಬೊಪ್ಪೇಗೌಡನಪುರದಲ್ಲಿ ಐಕ್ಯನಾಗುತ್ತಾನೆ. ಶಿಷ್ಯರಲ್ಲಿ ರಾಚಪ್ಪಾಜಿ ಕಾವೇರಿ ದಡದ ಕಪ್ಪಡಿಗೆ, ದೊಡ್ಡಮ್ಮತಾಯಿ ಮುಟ್ಟನಹಳ್ಳಿ ತೋಪಿಗೆ, ಸಿದ್ದಪ್ಪಾಜಿ ಹೊಳೆಯಾಚೆ ಚಿಕ್ಕಲ್ಲೂರಿಗೆ. ಒಂದೊಂದು ಗದ್ದುಗೆ, ಒಂದೊಂದು ಜಾತ್ರೆ. ಪಾತ್ರಗಳು ಹಂಚಿಹೋದ ಜಾಗಕ್ಕೆಲ್ಲ ಇವತ್ತಿಗೂ ಬಸ್ಸು ಹೋಗುತ್ತದೆ. ಹೀಗೆ ಮುಗಿಸುವುದು ಯಾವ ಬರಹಗಾರನಿಗೂ ಹೊಟ್ಟೆಕಿಚ್ಚು ತರಿಸುತ್ತದೆ.

ನಿಮ್ಮ ಮಗಳಿಗೆ ಕೇಳಿಸಬೇಕೆಂದಿದ್ದರೆ ಒಂದೇ ಸೂಚನೆ: ಹಲಗೂರಿನಿಂದ ಶುರು ಮಾಡಬೇಡಿ. ನೀಲಗಾರರನ್ನು ಮನೆಗೆ ಕರೆಸುವುದಾದರೆ ಒಂದು ರಾತ್ರಿ ಕೆಂಪಾಚಾರಿ ಸಾಲು, ಇನ್ನೊಂದು ರಾತ್ರಿ ಹಲಗೂರಿನದು ಎಂದು ಮೊದಲೇ ಮಾತಾಡಿಕೊಳ್ಳಿ. ಪಾಂಚಾಳರ ಮಾತುಗಳನ್ನು ಬಿಡದೆ ಹಾಡಿ ಎಂದೂ ಹೇಳಿ. ಓದುವ ಅಭ್ಯಾಸ ಇದ್ದರೆ ಹಿ.ಚಿ. ಬೋರಲಿಂಗಯ್ಯ ಸಂಪಾದಿಸಿ ಹಂಪಿಯ ಕನ್ನಡ ವಿಶ್ವವಿದ್ಯಾಲಯ ಪ್ರಕಟಿಸಿದ ಮಂಟೇಸ್ವಾಮಿ ಕಾವ್ಯ ಇದೆ, ಗಾತ್ರ ನೋಡಿ ಹೆದರದಿದ್ದರೆ ಸರಿ. ರಂಗದ ಮೇಲೆ ಈ ಕತೆ ಹೇಗೆ ತಿರುಗಿತು ಎಂದು ತಿಳಿಯಬೇಕೆಂದರೆ ಎಚ್.ಎಸ್. ಶಿವಪ್ರಕಾಶರ 'ಮಂಟೇಸ್ವಾಮಿ ಕಥಾಪ್ರಸಂಗ' ನಾಟಕ. ಇನ್ನು ಚಿಕ್ಕಲ್ಲೂರಿನ ಜಾತ್ರೆ ಸಾಮಾನ್ಯವಾಗಿ ಜನವರಿಯಲ್ಲಿ, ಬನದ ಹುಣ್ಣಿಮೆಗೆ ಶುರುವಾಗಿ ಐದು ದಿನ ನಡೆಯುತ್ತದೆ. ಮೊದಲ ರಾತ್ರಿಯೇ ಹೋಗಿ. ಬಿದಿರು ಕಟ್ಟಿ ಬಟ್ಟೆ ಸುತ್ತಿದ ಚಂದ್ರಮಂಡಲಕ್ಕೆ ಆಗ ಬೆಂಕಿ ಮುಟ್ಟಿಸುತ್ತಾರೆ. ಉರಿ ಯಾವ ದಿಕ್ಕಿಗೆ ಹೆಚ್ಚು ವಾಲುತ್ತದೋ ಆ ದಿಕ್ಕಿಗೆ ಆ ವರ್ಷ ಮಳೆ ಬೆಳೆ ಎಂಬುದು ಜನರ ಲೆಕ್ಕ. ಮದ್ದೂರು ಕಡೆಗೆ ವಾಲಿತಾ ಇಲ್ಲವಾ ನೋಡಿಕೊಂಡು ಬನ್ನಿ.